ಲಿಫ್ಟಿನಿಂದ ಕೂಗಿದ ಮಾತು

ಗೇಪರ್ ಎಂದರೆ ಬಾಯಿ ಬಿಟ್ಟುಕೊಂಡು ನೋಡುವವನು. ಹಿಮದ ಮೇಲೆ ಸ್ಕೀ ಮಾಡಲು ಬಾರದವನು, ಬರುವವರ ದಾರಿಗೆ ಅಡ್ಡ ನಿಲ್ಲುವವನು, ಟೊಪ್ಪಿಗೂ ಕನ್ನಡಕಕ್ಕೂ ನಡುವೆ ಹಣೆ ಕಾಣಿಸುವ ಹಾಗೆ ಹಾಕಿಕೊಂಡು ಓಡಾಡುವವನು. ಈ ಅರ್ಥವನ್ನು ನನಗೆ ಹೇಳಿಕೊಟ್ಟವಳು ನನ್ನ ಮಗಳು. ಮೊದಲು ನನ್ನನ್ನು ಹಾಗೆ ಕರೆದಳು, ಆಮೇಲೆ ಅರ್ಥ ಹೇಳಿದಳು.

ಗಿಫು ಬೆಟ್ಟಗಳಿಂದ ನಾಗೋಯಾ ಕಡೆಗೆ ಹಿಂದಿರುಗುತ್ತಿದ್ದೆವು. ನಾನು ಕಾರು ಓಡಿಸುತ್ತಿದ್ದೆ. ಅವಳು ಪಕ್ಕದಲ್ಲಿ ಕುಳಿತಿದ್ದಳು, ಹಿಂದಿನ ಸೀಟಿನಲ್ಲಿ ಅವಳ ಶಾಲೆಯ ಮೂವರು, ಇಬ್ಬರು ಹುಡುಗಿಯರು, ಒಬ್ಬ ಹುಡುಗ.

"ಅಪ್ಪಾ, ನೆಕ್ಸ್ಟ್ ಟೈಮ್ ಪಾರ್ಕ್ ಹತ್ರ ನಿಂತ್ಕೋಬೇಡ, ಓಕೆ? ಟೋಟಲ್ ಗೇಪರ್ ಥರ ಕಾಣ್ತೀಯ."

"ಹಂಗಂದ್ರೇನೇ?"

ಅವಳು ಅರ್ಥ ಹೇಳಿದಳು. ಹಿಂದಿನವರಿಗೆ ಕನ್ನಡ ಬಾರದಿದ್ದರೂ ಗೇಪರ್ ಎಂಬ ಮಾತು ತಿಳಿಯಿತು, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಾನೂ ನಕ್ಕೆ. ಹದಿನೇಳು ವರ್ಷದ ಮಗಳು ತನ್ನ ಜೊತೆಯವರ ಎದುರಿಗೆ ಮಾತನಾಡಿಸಿದಳಲ್ಲ ಎಂಬುದೇ ನನಗೆ ದೊಡ್ಡದಾಗಿತ್ತು.

ಈಗ ಅವಳಿಲ್ಲ. ಹೋದ ಫೆಬ್ರವರಿಯಲ್ಲಿ ಹೋದಳು. ನಾನು ಬರೆಯುವ ಅಭ್ಯಾಸದವನಲ್ಲ. ತುಮಕೂರಿನಲ್ಲಿ ಐಟಿಐ ಮಾಡಿ, ಬೆಂಗಳೂರಿನ ಕಾರ್ಖಾನೆಗಳಲ್ಲಿ ಫಿಟ್ಟರ್ ಆಗಿದ್ದು, ಹದಿಮೂರು ವರ್ಷದ ಹಿಂದೆ ಜಪಾನಿಗೆ ಬಂದವನು. ಕಾರಿನ ಬ್ರೇಕಿಗೆ ಹೋಗುವ ಬಿಡಿಭಾಗಗಳನ್ನು ಬೆಳಕಿಗೆ ಹಿಡಿದು ಬಿರುಕು ಹುಡುಕುವುದು ನನ್ನ ಕೆಲಸ. ಇಷ್ಟನ್ನು ಬರೆಯುತ್ತಿರುವುದು ಒಂದೇ ಕಾರಣಕ್ಕೆ. ಅವಳು ಹಿಮದ ಮೇಲೆ ಬಿದ್ದಿದ್ದಾಗ ನಾನು ಮೇಲಿನಿಂದ ಒಂದು ಮಾತು ಕೂಗಿದೆ. ಅದು ಅವಳಿಗೆ ಕೇಳಿಸಿತೇ, ಅದಕ್ಕಾಗಿಯೇ ಅವಳು ಎದ್ದಳೇ ಎಂಬುದನ್ನು ತಿಳಿಯುವವರೆಗೆ ನನಗೆ ಬೇರೆ ಏನನ್ನೂ ಯೋಚಿಸಲು ಆಗಲಿಲ್ಲ. ಈಗ ತಿಳಿದಿದೆ.

ಬೆಟ್ಟದ ಒಂದು ಮಗ್ಗುಲಲ್ಲಿ ಯಂತ್ರದಿಂದ ಹಿಮವನ್ನು ಒಟ್ಟಿ ಹಾರುವ ದಿಬ್ಬಗಳನ್ನು ಮಾಡಿರುತ್ತಾರೆ. ನಡುನಡುವೆ ಕಬ್ಬಿಣದ ಕಂಬಿಗಳನ್ನು ನೆಟ್ಟಿರುತ್ತಾರೆ, ಮಕ್ಕಳು ಅದರ ಮೇಲೆ ಅಡ್ಡಲಾಗಿ ಜಾರುತ್ತಾರೆ. ಅದಕ್ಕೆ ಪಾರ್ಕ್ ಎಂದು ಹೆಸರು. ಪಾರ್ಕಿನವರಿಗೆ ಅವರದೇ ಭಾಷೆ. ಅರ್ಧ ಇಂಗ್ಲಿಷ್, ಅರ್ಧ ಜಪಾನಿ. ಇಂಗ್ಲಿಷನ್ನು ಫೋನಿನಲ್ಲಿ ನೋಡುವ ವಿಡಿಯೋಗಳಿಂದಲೂ ಚಳಿಗಾಲಕ್ಕೆ ಕೆಲಸಕ್ಕೆ ಬರುವ ವಿದೇಶಿ ತರಬೇತುದಾರರಿಂದಲೂ ಎತ್ತಿಕೊಂಡಿದ್ದರು. ಹಿಂದೆಮುಂದೆ ನೋಡದೆ ಜೋರಾಗಿ ಹಾರಿದರೆ ಅದು ಸೆಂಡ್. ದಿಬ್ಬದ ನೆತ್ತಿ ಮುಗಿದು ಇಳಿಜಾರು ಶುರುವಾಗುವ ಅಂಚಿಗೆ ನಕಲ್, ಬೆರಳಿನ ಗೆಣ್ಣು ಎಂದು ಅರ್ಥ. ಹಾರಿದ್ದು ಸಾಲದೆ ಅದರ ಮೇಲೆ ಬಿದ್ದರೆ ಬೆನ್ನಿನವರೆಗೆ ಬಡಿಯುತ್ತದಂತೆ. ಸರದಿ ಬಂದವರು ಕೈ ಎತ್ತಿ "ಡ್ರಾಪ್ ಶಿಮಾಸ್!" ಎಂದು ಕೂಗಿ ಹೊರಡಬೇಕು. ಇಳಿಯುತ್ತೇನೆ, ದಾರಿ ಬಿಡಿ ಎಂಬ ಹಾಗೆ.

ನನ್ನ ಹೆಂಡತಿಗೆ ಇದು ಹಿಡಿಸಲಿಲ್ಲ. ಅವಳು ಊಟದ ಡಬ್ಬಿ ತಯಾರಿಸುವ ಕಾರ್ಖಾನೆಯೊಂದಕ್ಕೆ ಅರ್ಧ ದಿನದ ಕೆಲಸಕ್ಕೆ ಹೋಗುತ್ತಾಳೆ. ಒಂದು ಸಂಜೆ ಮಗಳು ವಿಡಿಯೋ ತೋರಿಸುತ್ತಿದ್ದಾಗ ಕೇಳಿದಳು.

"ಹೊರಡೋವಾಗ ಬೀಳ್ತೀನಿ ಅಂತಾರೇನೇ? ಹೋಗ್ತೀನಿ ಅಂತಾನೇ ಹೇಳಬಾರದು, ಬರ್ತೀನಿ ಅನ್ನಬೇಕು."

"ಅಮ್ಮಾ, ಬರ್ತೀನಿ ಅಂದ್ರೆ ಕೆಳಗಿರೋರಿಗೆ ಹೇಗೆ ಗೊತ್ತಾಗುತ್ತೆ?"

"ನಿನಗೆ ಗೊತ್ತಾದ್ರೆ ಸಾಕು."

ಮಗಳು ನಾಲ್ಕು ವರ್ಷದವಳಾಗಿ ಇಲ್ಲಿಗೆ ಬಂದವಳು. ನಮ್ಮ ಮಾತೆಲ್ಲ ಅವಳಿಗೆ ತಿಳಿಯುತ್ತಿತ್ತು, ಆಡುವುದು ಅರ್ಧ. ಉಳಿದದ್ದಕ್ಕೆ ಇಂಗ್ಲಿಷ್, ಸಿಟ್ಟು ಬಂದರೆ ಜಪಾನಿ.

ಪಾರ್ಕಿನಲ್ಲಿ ಅವಳನ್ನು ಎಲ್ಲರೂ ಕರೀ ಎಂದು ಕರೆಯುತ್ತಿದ್ದರು. ತಿನ್ನುವ ಕರೀ. ಅವಳು ಹೊರಟಾಗ ಕೆಳಗಿನಿಂದ "ಕರೀ, ಸೆಂಡ್!" ಎಂದು ಕಿರುಚುವರು. ಒಮ್ಮೆ ಕಾರಿನಲ್ಲಿ ನಾವಿಬ್ಬರೇ ಇದ್ದಾಗ ಕೇಳಿದೆ.

"ಯಾರಮ್ಮಾ ಹಂಗೆ ಹೆಸರಿಟ್ಟಿದ್ದು? ನಾನು ಅವರಪ್ಪನ ಹತ್ರ ಮಾತಾಡಲಾ?"

"ನಾನೇ ಇಟ್ಕೊಂಡೆ."

"ಯಾಕೆ?"

"ಅವ್ರು ಇಡೋಕ್ಕೆ ಮುಂಚೆ."

ಇಷ್ಟು ಹೇಳಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಳು. ಆ ಮೇಲೆ ನಾನು ಆ ವಿಷಯ ಎತ್ತಲಿಲ್ಲ. ಅವಳನ್ನು ಯಾರೂ ನೋಯಿಸುತ್ತಿಲ್ಲ, ಅವಳೇ ಎಲ್ಲರಿಗಿಂತ ಮೊದಲು ತನ್ನನ್ನು ನೋಯಿಸಿಕೊಂಡು ಮುಗಿಸಿದ್ದಾಳೆ ಎಂದು ನನಗೆ ಆಗ ಹೊಳೆದಿರಲಿಲ್ಲ.

ಪಾರ್ಕಿನಲ್ಲಿ ಬಿದ್ದವರನ್ನು ಪೆಟ್ಟಾಯಿತೇ ಎಂದು ಯಾರೂ ಮೊದಲು ಕೇಳುವುದಿಲ್ಲ. ಮೊದಲು ನಗುತ್ತಾರೆ. ಬಿದ್ದವರು ಬೇಗ ಎದ್ದು ಪಕ್ಕಕ್ಕೆ ಸರಿಯಬೇಕು, ಯಾಕೆಂದರೆ ಹಿಂದಿನಿಂದ ಇನ್ನೊಬ್ಬರು ಹಾರಿ ಬರುತ್ತಾರೆ. ದಿಬ್ಬದ ಆಚೆ ಏನಿದೆ ಎಂದು ಹಾರುವವರಿಗೆ ಕಾಣದು. ಬಿದ್ದವರು ಏಳದೇ ಇದ್ದರೆ ಹತ್ತಿರ ಇರುವವರು ಎರಡು ಕೈಗಳನ್ನೂ ತಲೆಯ ಮೇಲೆ ಗುಣಿಸುವ ಚಿಹ್ನೆಯ ಹಾಗೆ ಅಡ್ಡ ಹಿಡಿಯಬೇಕು. ಇಲ್ಲಿ ಅದಕ್ಕೆ ಬಾತ್ಸು ಎನ್ನುತ್ತಾರೆ. ಬಾತ್ಸು ಕಂಡರೆ ಇಡೀ ಸಾಲು ನಿಲ್ಲುತ್ತದೆ, ಗಸ್ತಿನವರು ಬರುತ್ತಾರೆ, ಬಿದ್ದವರನ್ನು ಹಿಮಗಾಡಿಗೆ ಕಟ್ಟಿ ಕೆಳಗೆ ಒಯ್ಯುತ್ತಾರೆ. ಜೀವ ಉಳಿಸುವ ಕಟ್ಟಳೆ ಅದು. ಮಕ್ಕಳಿಗೆ ಮಾತ್ರ ಅದು ಅವಮಾನ. ಮೂರು ಚಳಿಗಾಲದಲ್ಲಿ ತನಗೆ ಒಮ್ಮೆಯೂ ಬಾತ್ಸು ಬಿದ್ದಿಲ್ಲ ಎಂದು ಮಗಳು ಹೇಳಿಕೊಳ್ಳುತ್ತಿದ್ದಳು.

ಇನ್ನೊಂದು ಮಾತು ಯಾರ್ಡ್ ಸೇಲ್. ಅಮೆರಿಕದಲ್ಲಿ ಮನೆಯ ಹಳೆ ಸಾಮಾನನ್ನು ಅಂಗಳದಲ್ಲಿ ಹರಡಿ ಮಾರುತ್ತಾರಂತೆ. ಯಾರಾದರೂ ಬಿದ್ದು ಅವರ ಕಾಲಿನ ಸ್ಕೀ ಹಲಗೆ ಒಂದು ಕಡೆ, ಕೋಲು ಒಂದು ಕಡೆ, ಟೊಪ್ಪಿ, ಕೈಗವಸು, ಕನ್ನಡಕ ಎಲ್ಲ ಚೆಲ್ಲಾಪಿಲ್ಲಿಯಾದರೆ ಮೇಲೆ ಲಿಫ್ಟಿನಲ್ಲಿ ಹೋಗುವವರು ಆ ಮಾತನ್ನು ಕೂಗುತ್ತಾರೆ. ತಂತಿಗೆ ತೂಗುವ ಬೆಂಚುಗಳು ಇಳಿಜಾರಿನ ಮೇಲೆಯೇ ಹೋಗುವುದರಿಂದ ಕೆಳಗೆ ಬಿದ್ದವರೆಲ್ಲ ಚೆನ್ನಾಗಿ ಕಾಣುತ್ತಾರೆ.

ನಾನು ಅದನ್ನು ಮೊದಲು ಕೇಳಿದ್ದು ಮಗಳ ಬಾಯಿಂದಲೇ. ಡಿಸೆಂಬರಿನ ಒಂದು ಶನಿವಾರ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತಿದ್ದೆವು. ಕೆಳಗೆ ಸುಮಾರು ಅರವತ್ತು ವರ್ಷದ ಹೆಂಗಸೊಬ್ಬರು ಬಿದ್ದರು. ಒಂದು ಸ್ಕೀ ಕಳಚಿ ದೂರ ಜಾರಿತು, ಟೊಪ್ಪಿ ಉರುಳಿತು. ಮಗಳು ಬೆಂಚಿನ ಮುಂದಿನ ಅಡ್ಡಕಂಬಿಯ ಮೇಲೆ ಬಾಗಿ "ಯಾರ್ಡ್ ಸೇಲ್!" ಎಂದು ಕೂಗಿದಳು. ಆ ಹೆಂಗಸಿಗೆ ಅರ್ಥವಾಗಲಿಲ್ಲ. ಯಾರಿಗೋ ತೊಂದರೆ ಕೊಟ್ಟೆನೆಂದು ತಿಳಿದು, ಕುಳಿತಲ್ಲಿಂದಲೇ ನಮ್ಮ ಕಡೆಗೆ ತಲೆ ಬಗ್ಗಿಸಿ "ಸುಮಿಮಾಸೆನ್" ಎಂದರು.

"ಏನೇ ಅದು? ಬಿದ್ದಿರೋರನ್ನ ನೋಡಿ ಕೂಗ್ತಾರೇನೇ?"

"ರಿಲ್ಯಾಕ್ಸ್ ಅಪ್ಪಾ. ಎಲ್ರಿಗೂ ಕೂಗ್ತಾರೆ. ನಂಗೂ ಕೂಗ್ತಾರೆ."

"ಅಜ್ಜಿ ವಯಸ್ಸು ಅವರದು. ನೋಡು, ಪಾಪ, ಸಾರಿ ಕೇಳ್ತಿದಾರೆ."

"ಸೋ ವಾಟ್? ಕೂಗಿದ್ರೆ ಅವ್ರೂ ನಮ್ಮೋರು ಅಂತ. ಕೂಗ್ಲಿಲ್ಲ ಅಂದ್ರೆನೇ ಇನ್ಸಲ್ಟ್."

"ಯಾವ ಸೀಮೆ ನ್ಯಾಯಾನೇ ಇದು?"

"ಯೂ ಡೋಂಟ್ ಗೆಟ್ ಇಟ್. ಅದು ಲವ್, ಅಪ್ಪಾ."

ಬೆಂಚು ಮೇಲೆ ತಲುಪಿತು. ಇಳಿಯುವಾಗ ನಾನು ಮುಗ್ಗರಿಸಿ ಬಿದ್ದೆ. ಅವಳು ಹಿಂದಿರುಗಿ ನೋಡಿದಳು, ಕೂಗಲಿಲ್ಲ, ಹೊರಟುಹೋದಳು.

ಅದು ನನ್ನನ್ನು ಕೊರೆಯಿತು. ಬೇರೆಯವರಿಗೆ ಗೊತ್ತಾಗದ ಅವಮಾನ ಅದು. ಅಪರಿಚಿತ ಮುದುಕಿ ಅವಳಿಗೆ ತನ್ನವಳಾದಳು, ನಾನು ಆಗಲಿಲ್ಲ.

ಆಮೇಲೆ ನಾನು ಕಲಿಯಲು ಕೂತೆ. ತಪಾಸಣೆಯ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಅವರ ಮಾತುಗಳನ್ನು ಕನ್ನಡದಲ್ಲಿ ಬರೆದುಕೊಂಡೆ. ಕಾರಿನಲ್ಲಿ ಕೇಳಿದ್ದನ್ನು ಮನೆಗೆ ಬಂದು ಬರೆಯುವುದು, ಫೋನಿನಲ್ಲಿ ಹುಡುಕಿ ಅರ್ಥ ಹಾಕುವುದು. ಕಾರ್ಖಾನೆಯಲ್ಲಿ ನಮ್ಮ ಸಾಲಿನ ಮುಖ್ಯಸ್ಥರನ್ನು ಹಾಂಚೋ ಎಂದು ಕರೆಯುತ್ತೇವೆ. ಅವರು ಒಂದು ಭಾನುವಾರ ನನ್ನನ್ನು ಹತ್ತಿರದ ಸಣ್ಣ ಬೆಟ್ಟಕ್ಕೆ ಕರೆದೊಯ್ದು ಸ್ಕೀ ತುದಿಗಳನ್ನು ಒಳಗೆ ಮಾಡಿ ನಿಲ್ಲಿಸುವುದನ್ನು ಕಲಿಸಿಕೊಟ್ಟರು. ನನ್ನ ಪುಸ್ತಕ ನೋಡಿ ಹೇಳಿದರು:

"ನಿಮ್ಮ ಮಗಳು ಇದನ್ನೆಲ್ಲ ನಿಮಗೆ ಯಾಕೆ ಕಲಿಸುವುದಿಲ್ಲ ಗೊತ್ತೇ? ನೀವು ಕಲಿಯಬಾರದು ಅಂತ."

ಅವರು ನಗುತ್ತಾ ಹೇಳಿದ್ದರು. ನಾನೂ ನಗುತ್ತಾ ಕೇಳಿಸಿಕೊಂಡೆ, ಅಷ್ಟಕ್ಕೇ ಬಿಟ್ಟೆ. ಮುಂದಿನ ಶನಿವಾರ ಕಾರಿನಲ್ಲಿ ಹಿಂದಿನ ಸೀಟಿನವರನ್ನು ಜಪಾನಿಯಲ್ಲಿ ಕೇಳಿದೆ: "ಇವತ್ತು ಯಾರು ನಕಲ್ ಮೇಲೆ ಬಿದ್ದಿರಿ?"

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಡುಗ "ಓತೋಸಾನ್, ಸುಗೋಯ್!" ಎಂದ, ಅಪ್ಪ ಭಾರಿ ಎಂಬಂತೆ. ಮಗಳು ಕಿಟಕಿಯ ಕಡೆಗೆ ತಿರುಗಿ ಕೂತಳು.

"ಪ್ಲೀಸ್ ಅಪ್ಪಾ. ಸ್ಟಾಪ್."

"ಯಾಕೆ, ತಪ್ಪಾಯ್ತಾ?"

"ತಪ್ಪಾಗ್ಲಿಲ್ಲ. ಅದೇ ಪ್ರಾಬ್ಲಮ್."

ಫೆಬ್ರವರಿಯ ಆ ಶನಿವಾರ ಬಿಸಿಲಿತ್ತು. ಹಿಮದ ಮೇಲೆ ಕಣ್ಣು ಬಿಡಲಾಗುತ್ತಿರಲಿಲ್ಲ. ಮಗಳು ಹಳದಿ ಜಾಕೆಟ್ ಹಾಕಿದ್ದಳು. ಹೆಲ್ಮೆಟ್ಟನ್ನು ಕಾರಿನಲ್ಲೇ ಬಿಟ್ಟು ಉಣ್ಣೆಯ ಟೊಪ್ಪಿ ಹಾಕಿಕೊಂಡು ಹೋದಳು. ನಾನು ನೋಡಿದೆ. ಹಿಂದಿನ ವಾರಗಳಲ್ಲಿ ಹೇಳಿ ಹೇಳಿ ಬೈಸಿಕೊಂಡಿದ್ದೆ, ಅವತ್ತು ಹೇಳಲಿಲ್ಲ. ಅವತ್ತು ನಾನು ಅವರ ಕಡೆಯವನಾಗಬೇಕೆಂದು ಹೊರಟಿದ್ದೆ.

ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ನಾನು ಒಬ್ಬನೇ ಲಿಫ್ಟಿನಲ್ಲಿ ಮೇಲೆ ಹೋಗುತ್ತಿದ್ದೆ. ಪಾರ್ಕಿನ ಮೇಲೆ ಬೆಂಚು ಬಂತು. ಎರಡನೆಯ ದಿಬ್ಬದಿಂದ ಹಳದಿ ಜಾಕೆಟ್ ಹಾರಿತು. ಗಾಳಿಯಲ್ಲಿ ಒಂದು ಸುತ್ತು ತಿರುಗಿತು, ಇನ್ನೊಂದು ಪೂರ್ತಿಯಾಗಲಿಲ್ಲ. ಬೆನ್ನು ಅಡಿಯಾಗಿ ಬಿದ್ದು, ಉರುಳಿ, ನಿಂತಿತು. ಎರಡು ಸ್ಕೀಗಳೂ ಕಳಚಿದ್ದವು. ಒಂದು ಕೋಲು ಮೇಲೆ, ಒಂದು ಕೆಳಗೆ. ಟೊಪ್ಪಿ, ಕನ್ನಡಕ, ಒಂದು ಕೈಗವಸು. ಅದಕ್ಕಿಂತ ಸರಿಯಾದ ಯಾರ್ಡ್ ಸೇಲ್ ಇರಲು ಸಾಧ್ಯವಿರಲಿಲ್ಲ.

ಬಿದ್ದವಳು ನನ್ನ ಮಗಳು ಎಂದು ನನಗೆ ಗೊತ್ತಿತ್ತು. ಇದನ್ನು ಸ್ಪಷ್ಟವಾಗಿ ಬರೆಯಬೇಕು. ಬೇರೆ ಯಾರೋ ಎಂದುಕೊಂಡು ಕೂಗಲಿಲ್ಲ. ಅವಳೆಂದು ಗೊತ್ತಿದ್ದೇ, ಅವಳೆಂಬ ಕಾರಣಕ್ಕೇ, ಕಂಬಿಯ ಮೇಲೆ ಬಾಗಿ ಗಂಟಲು ಹರಿಯುವ ಹಾಗೆ ಕೂಗಿದೆ.

"ಯಾರ್ಡ್ ಸೇಲ್!"

ಮುಂದಿನ ಬೆಂಚಿನ ಇಬ್ಬರು ಯುವಕರು ಹಿಂದಿರುಗಿ ನೋಡಿ ನಕ್ಕು ಹೆಬ್ಬೆರಳು ಎತ್ತಿದರು. ನಾನೂ ಎತ್ತಿದೆ. ಕೆಳಗಿನಿಂದಲೂ ನಗು ಕೇಳಿಸಿತು. ಬೆಂಚು ಕಂಬ ದಾಟಿತು, ಪೈನ್ ಮರಗಳು ಅಡ್ಡ ಬಂದವು. ಆ ನಾಲ್ಕೈದು ನಿಮಿಷ ನಾನು ಎಷ್ಟು ಸಂತೋಷವಾಗಿದ್ದೆ ಎಂದರೆ, ಮೇಲೆ ಇಳಿಯುವಾಗ ಮೊದಲ ಸಲ ಬೀಳದೆ ಇಳಿದೆ.

ನಾನು ನಿಧಾನವಾಗಿ ಜಾರಿ ಕೆಳಗೆ ಬರುವಷ್ಟರಲ್ಲಿ ಅವಳು ಊಟದ ಮನೆಯ ಹೊರಗೆ ಬೆಂಚಿನ ಮೇಲೆ ಗೆಳತಿಯರ ಜೊತೆ ಕೂತಿದ್ದಳು.

"ಪೆಟ್ಟಾಯ್ತಾ?"

"ಇಲ್ಲ."

"ನಾನು ಕೂಗಿದ್ದು..."

"ಅಪ್ಪಾ, ಹಸಿವಾಗ್ತಿದೆ. ಹೋಗಣ."

ಊಟವಾದ ಮೇಲೆ ಮತ್ತೆ ಎರಡು ಸಲ ಹಾರಿದಳು. ಮೂರು ಗಂಟೆಗೆ ತಲೆ ನೋಯುತ್ತಿದೆ ಎಂದು ಬಂದಳು. ಕಾರಿನ ಪಕ್ಕ ಹಿಮದ ರಾಶಿಯ ಮೇಲೆ ವಾಂತಿ ಮಾಡಿಕೊಂಡಳು. "ಕರೀ ಕರೀಯನ್ನೇ ಕಕ್ಕಿತು" ಎಂದು ಹುಡುಗ ಜಪಾನಿಯಲ್ಲಿ ಏನೋ ಹಾಗೆ ಹೇಳಿದ. ಅವಳೇ ಮೊದಲು ನಕ್ಕಳು. ಕಾರಿನಲ್ಲಿ ನಿದ್ದೆ ಹೋದಳು. ದಣಿದಿದ್ದಾಳೆ ಎಂದುಕೊಂಡು ನಾನು ಹೀಟರನ್ನು ಅವಳ ಕಡೆಗೆ ತಿರುಗಿಸಿದೆ. ಒಬ್ಬೊಬ್ಬರನ್ನೇ ಅವರವರ ಮನೆಗೆ ಇಳಿಸಿದೆ. ಎಲ್ಲರೂ ನಿದ್ದೆಯಲ್ಲಿದ್ದ ಅವಳಿಗೆ ಸದ್ದಿಲ್ಲದೆ ಕೈ ಬೀಸಿ ಹೋದರು. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಎಬ್ಬಿಸಲು ಹೋದರೆ ಏಳಲಿಲ್ಲ.

ಮೂರು ದಿನ ಆಸ್ಪತ್ರೆಯಲ್ಲಿದ್ದಳು. ತಲೆಬುರುಡೆಯ ಒಳಗೆ ನಿಧಾನವಾಗಿ ರಕ್ತ ತುಂಬಿಕೊಂಡಿತ್ತು. ಡಾಕ್ಟರು ಕೇಳಿದ ಒಂದು ಪ್ರಶ್ನೆ ಮಾತ್ರ ನೆನಪಿದೆ, ಯಾಕೆಂದರೆ ಅದನ್ನು ಎರಡು ಸಲ ಕೇಳಿದರು. ಬಿದ್ದ ಮೇಲೆ ತಾನಾಗಿ ಎದ್ದಳೇ? ಎದ್ದಳು ಎಂದೆ. ಎಷ್ಟು ಹೊತ್ತಿಗೆ? ಕೂಡಲೇ ಇರಬೇಕು ಎಂದೆ. ಅವರು ಬರೆದುಕೊಂಡರು. ಏಳದೇ ಇದ್ದು ಗಸ್ತಿನವರು ಕೆಳಗೆ ತಂದಿದ್ದರೆ ಉಳಿಯುತ್ತಿದ್ದಳೇ ಎಂದು ನಾನು ಕೇಳಿದೆ. ಬೇಗ ಬಂದಿದ್ದರೆ ಬೇರೆಯಾಗುತ್ತಿತ್ತೇನೋ, ಖಂಡಿತವಾಗಿ ಹೇಳಲಾರೆ ಎಂದು ಅವರು ತಲೆ ಬಗ್ಗಿಸಿದರು. ನನ್ನ ಹೆಂಡತಿ ಪಕ್ಕದಲ್ಲಿದ್ದಳು. ನಾನು ಕೂಗಿದ್ದು ಅವಳಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ.

ದಹನದ ದಿನ ಗೆಳೆಯರು ಮೂವರೂ ಶಾಲೆಯ ಸಮವಸ್ತ್ರದಲ್ಲಿ ಬಂದರು. ಸಾಲಾಗಿ ನಿಂತು, ಸೊಂಟದವರೆಗೆ ಬಗ್ಗಿ, ಬ್ಯಾಂಕಿನ ಗುಮಾಸ್ತರ ಜಪಾನಿಯಲ್ಲಿ ಸಂತಾಪ ಹೇಳಿದರು. ಸೆಂಡ್ ಇಲ್ಲ, ನಕಲ್ ಇಲ್ಲ, ಕರೀ ಇಲ್ಲ. ಶಾಲೆಯ ಹಾಜರಿಯಲ್ಲಿದ್ದ ಅವಳ ಹೆಸರಿಗೆ, ನಾವು ಅವರು ಎಂದು ಸೇರಿಸುವ ಹಾಗೆ, ಸಾನ್ ಸೇರಿಸಿ ಕರೆದರು. ಯಾರೋ ಬೇರೆ ಹುಡುಗಿ ಸತ್ತ ಹಾಗಿತ್ತು. ಅವರ ಕೊರಳಪಟ್ಟಿ ಹಿಡಿದು, ನಗ್ರೋ, ಕೂಗ್ರೋ, ಅವಳಿಗೆ ಮಾಡ್ತಿದ್ದ ಹಾಗೆ ಮಾಡ್ರೋ ಎನ್ನಬೇಕೆನಿಸಿತು. ಅದರ ಬದಲು ಅರಿಗಾತೋ, ಧನ್ಯವಾದ, ಎಂದೆ.

ಆ ಗುಂಪಿನಲ್ಲಿ ಯಾವಾಗಲೂ ವಿಡಿಯೋ ತೆಗೆಯುತ್ತಿದ್ದವಳು ಒಬ್ಬ ಹುಡುಗಿ. ಅವತ್ತಿನದೂ ಅವಳ ಹತ್ತಿರ ಇರಬೇಕೆಂದು ನನಗೆ ಗೊತ್ತಿತ್ತು. ಕೇಳಲು ಮೂರು ತಿಂಗಳು ಬೇಕಾಯಿತು. ಕಾರ್ಖಾನೆಯಲ್ಲಿ ಬಿಡಿಭಾಗವನ್ನು ಬೆಳಕಿಗೆ ಹಿಡಿದು ಬಿರುಕು ಕಂಡರೂ ಕಾಣದ ಹಾಗೆ ಮುಂದಕ್ಕೆ ಕಳಿಸಿದ್ದೆ ಒಂದು ದಿನ. ಹಾಂಚೋ ಕರೆದು ಕೂರಿಸಿ, ಸ್ವಲ್ಪ ದಿನ ರಜೆ ಹಾಕಿ ಎಂದರು. ಮೇ ತಿಂಗಳಲ್ಲಿ ಆ ಹುಡುಗಿಯ ಮನೆಗೆ ಚೀಟಿ ಬರೆದೆ. ಅವಳ ತಾಯಿ ಫೋನ್ ಮಾಡಿ, ಭಾನುವಾರ ಬೆಳಿಗ್ಗೆ ಹೆದ್ದಾರಿಯ ಬದಿಯ ಹೋಟೆಲಿಗೆ ಕರೆದುಕೊಂಡು ಬರುವುದಾಗಿ ಹೇಳಿದರು.

ಹುಡುಗಿ ಫೋನನ್ನು ಎರಡು ಕೈಯಲ್ಲಿ ಹಿಡಿದು ನನ್ನ ಮುಂದಿಟ್ಟಳು. ಶಬ್ದವಿಲ್ಲದೆ ಶುರುಮಾಡಿದಳು. ಶಬ್ದ ಬೇಕು ಎಂದೆ. ಅವಳು ತಾಯಿಯನ್ನು ನೋಡಿದಳು. ತಾಯಿ ಮೇಜನ್ನು ನೋಡಿದರು.

ಮೊದಲು ಗಾಳಿ. ಮಗಳ ಧ್ವನಿ, ದೂರದಿಂದ, "ಡ್ರಾಪ್ ಶಿಮಾಸ್!" ಸ್ಕೀ ಉಜ್ಜುವ ಸದ್ದು. ಮೌನ, ಅವಳು ಗಾಳಿಯಲ್ಲಿದ್ದಷ್ಟು ಹೊತ್ತು. ಆಮೇಲೆ ಬಡಿದ ಸದ್ದು. ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕ ಸದ್ದು. ಎಲ್ಲರೂ ನಕ್ಕರು. ವಿಡಿಯೋ ಹತ್ತಿರ ಓಡಿತು. ಮಗಳು ಮುಖ ಅಡಿಯಾಗಿ ಬಿದ್ದಿದ್ದಳು, ಗವಸಿಲ್ಲದ ಕೈ ತಲೆಯ ಹಿಂಭಾಗವನ್ನು ಹುಡುಕುತ್ತಿತ್ತು.

"ದಾಯ್‌ಜೋಬು?" ಎಂದು ಈ ಹುಡುಗಿಯ ಧ್ವನಿ. ಸರಿಯಾಗಿದ್ದೀಯಾ ಎಂದು.

"ಚೊತ್ತೊ ಮಾತ್ತೆ," ಮಗಳು ಹಿಮದೊಳಗಿಂದ ಹೇಳಿದಳು. ಸ್ವಲ್ಪ ತಾಳು. ಅವಳು ಹಾಗೆ ಮೆತ್ತಗೆ ಮಾತಾಡಿದ್ದನ್ನು ನಾನು ಬಹಳ ದಿನಗಳಿಂದ ಕೇಳಿರಲಿಲ್ಲ.

"ಬಾತ್ಸು ಹಾಕಲಾ?"

ಉತ್ತರವಿಲ್ಲ. ಚಿತ್ರ ಅಲುಗಾಡಿತು. ಫೋನನ್ನು ಜೇಬಿಗೆ ಹಾಕಿ ಎರಡೂ ಕೈ ಎತ್ತಲು ಹುಡುಗಿ ಸಿದ್ಧಳಾಗುತ್ತಿದ್ದಳು. ಹಿಮ ಕಂಡಿತು, ಆಕಾಶ ಕಂಡಿತು. ಆಗ ಮೇಲಿನಿಂದ ನನ್ನ ಧ್ವನಿ ಬಂತು.

ನನ್ನ ಧ್ವನಿ ಅಷ್ಟು ಜೋರಾಗಿದೆ ಎಂದು ನನಗೆ ತಿಳಿದಿರಲಿಲ್ಲ. ತುಮಕೂರಿನ ಉಚ್ಚಾರಣೆಯಲ್ಲಿ, ಅಕ್ಷರ ಅಕ್ಷರವೂ ಕೇಳುತ್ತಿತ್ತು. ಎಲ್ಲರೂ ಮತ್ತೆ ನಕ್ಕರು. "ಯಾರದು?" ಎಂದು ಹುಡುಗನ ಧ್ವನಿ. ಫೋನು ಮತ್ತೆ ಅವಳ ಕಡೆಗೆ ತಿರುಗಿತು. ಮಗಳು ತಲೆ ಎತ್ತಿ ಲಿಫ್ಟನ್ನು ನೋಡಿದಳು. ಅವಳ ಮುಖ ಇಡೀ ಕಾಣಿಸಿತು.

"ಶಿರಾನಾಯ್," ಎಂದಳು. ಗೊತ್ತಿಲ್ಲ. "ಯಾವನೋ ಗೇಪರ್."

ಎದ್ದಳು. ಒಮ್ಮೆ ಓಲಾಡಿ, ನಿಂತು, ನಗುತ್ತಾ ಒಂದೊಂದೇ ಸಾಮಾನು ಎತ್ತಿಕೊಂಡಳು. ಹುಡುಗಿ ಬಾತ್ಸು ಹಾಕಲಿಲ್ಲ. ಅಲ್ಲಿಗೆ ಮುಗಿಯಿತು.

ಇನ್ನೊಮ್ಮೆ ಹಾಕು ಎಂದೆ. ಇನ್ನೊಮ್ಮೆ ನೋಡಿದೆ. ಮೂರನೆಯ ಸಲ ಹುಡುಗಿ ಅಳತೊಡಗಿದಳು. "ಗೊಮೆನ್ ನಾಸಾಯ್, ಕ್ಷಮಿಸಿ, ನಾನು ಕೈ ಎತ್ತಬೇಕಿತ್ತು," ಎಂದಳು. ಅವಳ ತಾಯಿ ಮಗಳ ಕತ್ತಿನ ಹಿಂದೆ ಕೈಯಿಟ್ಟು ತಲೆಯನ್ನು ಮೇಜಿಗೆ ತಾಗುವಷ್ಟು ಬಗ್ಗಿಸಿದರು, ತಾವೂ ಬಗ್ಗಿದರು. ನಿಮ್ಮ ತಪ್ಪಿಲ್ಲ ಎಂದು ಹೇಳಬೇಕಿತ್ತು. ಆ ತಪ್ಪನ್ನು ಅವಳು ಹೊತ್ತುಕೊಳ್ಳಲಿ ಎನ್ನಿಸಿತು. ಹದಿನೇಳು ವರ್ಷದ ಹುಡುಗಿಯ ತಲೆ ಮೇಜಿನ ಮೇಲಿತ್ತು, ನಾನು ಅದನ್ನು ನೋಡುತ್ತಾ ಕೂತಿದ್ದೆ. ಆಮೇಲೆ ಹೇಳಿದೆ.

ಹೊರಡುವಾಗ ಹುಡುಗಿ ಬಾಗಿಲ ಹತ್ತಿರ ನಿಂತು ಇನ್ನೊಂದು ಮಾತು ಹೇಳಿದಳು. ಅವತ್ತು ಊಟದ ಮನೆಯ ಹೊರಗೆ, ನಾನು ಕೆಳಗೆ ಬರುವ ಮೊದಲು, ಮಗಳು ಅವರಿಗೆ ನಿಜ ಹೇಳಿದ್ದಳಂತೆ. ಕೂಗಿದ್ದು ನಮ್ಮಪ್ಪ, ಸರಿಯಾಗಿಯೇ ಕೂಗಿದ ಎಂದಿದ್ದಳಂತೆ. ಹೇಳುವಾಗ ಹುಡುಗಿ ನನ್ನ ಮುಖ ನೋಡಲಿಲ್ಲ. ಈ ದೇಶದಲ್ಲಿ ಹದಿಮೂರು ವರ್ಷ ಇದ್ದೇನೆ. ಯಾವುದು ನಿಜ, ಯಾವುದು ಎದುರಿನವರ ಮನಸ್ಸು ನೋಯದಿರಲಿ ಎಂದು ಹೇಳಿದ್ದು ಎಂದು ಬೇರ್ಪಡಿಸಲು ನನಗೆ ಇನ್ನೂ ಬರುವುದಿಲ್ಲ.

ಮನೆಗೆ ಬಂದಾಗ ಹೆಂಡತಿ ಅಡುಗೆಮನೆಯ ಮೇಜಿನ ಮೇಲೆ ಪಾಲಕ್ ಸೊಪ್ಪು ಬಿಡಿಸುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. ಲಿಫ್ಟು, ಹಳದಿ ಜಾಕೆಟ್, ನಾನು ಕೂಗಿದ್ದು, ವಿಡಿಯೋ. ಅವಳ ಕೈ ನಿಲ್ಲಲಿಲ್ಲ.

"ನಿಮ್ಮನ್ನ ಗೊತ್ತಿಲ್ಲ ಅಂದಳಾ?"

"ಹೂಂ."

"ನನ್ನನ್ನೂ ಅಂದಿದ್ದಳು. ಸ್ಕೂಲ್ ಗೇಟ್ ಹತ್ರ, ಟೀಚರಿಗೆ. ಪಕ್ಕದ ಮನೆ ಆಂಟಿ ಅಂತ. ನಿಮಗೆ ಹೇಳಿರಲಿಲ್ಲ."

ಇನ್ನೊಂದು ಕಂತೆ ಬಿಚ್ಚಿದಳು. ನಾನು ಹುಡುಗಿ ಬಾಗಿಲಲ್ಲಿ ಹೇಳಿದ್ದನ್ನೂ ಹೇಳಿದೆ, ಸರಿಯಾಗಿ ಕೂಗಿದ ಅಂದಳಂತೆ ಎಂದು.

"ಆ ಹುಡುಗಿ ಒಳ್ಳೆಯವಳು," ಎಂದಳು ಹೆಂಡತಿ.

ಕತ್ತರಿಸಿದ ಬೇರುಗಳನ್ನು ಕವರಿಗೆ ತುಂಬುತ್ತಾ ಕೇಳಿದಳು: "ಹೇಗೆ ಕೂಗಿದ್ರಿ?"

"ಹೇಗೆ ಅಂದ್ರೆ?"

"ಕೂಗಿ ತೋರಿಸಿ."

"ಬೇಡ ಕಣೇ."

"ಅವಳಿಗೆ ಕೂಗಿದ್ರಲ್ಲ. ನನಗೂ ಕೂಗಿ."

ಹೇಳಿದೆ. ಪಕ್ಕದ ಕೋಣೆಗೂ ಕೇಳಿಸದಷ್ಟು ಮೆಲ್ಲಗೆ.

"ಹಾಗೆ ಅಂದ್ರೆ ಅವಳಿಗೆ ಕೇಳಿಸ್ತಿತ್ತಾ ರೀ? ಅಷ್ಟು ಎತ್ತರದಿಂದ? ಸರಿಯಾಗಿ ಕೂಗಿ."

ನಾನು ಎದ್ದು ನಿಂತೆ. ಕೂತು ಕೂಗಲು ಆಗಲಿಲ್ಲ. ಮೇಜಿನ ಅಂಚು ಹಿಡಿದು, ಕಣ್ಣು ಮುಚ್ಚಿ, ಅವತ್ತಿನ ಹಾಗೆಯೇ ಕೂಗಿದೆ. ಕೆಳಗಿನ ಮನೆಯಲ್ಲಿ ಯಾರೋ ಕಿಟಕಿ ಎಳೆದು ಮುಚ್ಚಿದರು. ಕಣ್ಣು ಬಿಟ್ಟಾಗ ಹೆಂಡತಿಯ ಕೈ ಸೊಪ್ಪಿನ ಮೇಲೆ ನಿಂತಿತ್ತು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಆ ಸದ್ದು ಹೋದ ದಾರಿಯನ್ನು ಕೇಳಿಸಿಕೊಳ್ಳುವವಳ ಹಾಗೆ ತಲೆ ಓರೆ ಮಾಡಿಕೊಂಡಿದ್ದಳು.

"ಹೌದು," ಎಂದಳು. "ಇದಕ್ಕೆ ಎದ್ದಿರ್ತಾಳೆ."